1,21,99,793ರ ಎರಡನೇ ಕೈ

1959ರ ನವೆಂಬರ್ 14, ಶನಿವಾರ, ಬೆಳಿಗ್ಗೆ ಒಂಬತ್ತು ಗಂಟೆ ನಲವತ್ತು ನಿಮಿಷಕ್ಕೆ 1,21,99,793 ಅವಿಭಾಜ್ಯ ಸಂಖ್ಯೆ ಅಲ್ಲವೆಂದು ನನಗೆ ಗೊತ್ತಾಯಿತು. ಹೊತ್ತನ್ನು ಇಷ್ಟು ಖಚಿತವಾಗಿ ಹೇಳಲು ಕಾರಣವಿದೆ. ನಮ್ಮ ವಿಭಾಗದಲ್ಲಿ ಯಾವ ಸಾಲಿಗಾದರೂ ಗುರುತು ಹಾಕಿದರೆ ಪಕ್ಕದಲ್ಲಿ ತಾರೀಖು, ಗಂಟೆ ಬರೆಯಲೇಬೇಕು ಎಂಬ ನಿಯಮವಿತ್ತು. ನಾನು ಬರೆದೆ.

ನಿಯಮ ಮಾಡಿದವರು ನೇಮತುಲ್ಲಾ ಸೊಬಿತೊವ್. ತಾಷ್ಕೆಂಟಿನಲ್ಲಿ ಕಾಲುವೆಗಳ ಯೋಜನೆ ಮಾಡುತ್ತಿದ್ದ ಸಂಸ್ಥೆಯೊಂದರ ಕೈಲೆಕ್ಕದ ವಿಭಾಗಕ್ಕೆ ಅವರು ಹತ್ತೊಂಬತ್ತು ವರ್ಷದಿಂದ ಮುಖ್ಯಸ್ಥರು. ಅದಕ್ಕೆ ಮುಂಚೆ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದರು. ಹಾಗಾಗಿ ಎಲ್ಲರಿಗೂ ಅವರು ದೊಮ್ಲಾ, ಅಂದರೆ ಮೇಷ್ಟ್ರು. ಅವರ ಕೈಕೆಳಗೆ ನಾವು ಹನ್ನೆರಡು ಹೆಂಗಸರು, ಹಿಡಿ ತಿರುಗಿಸುವ ಹನ್ನೆರಡು ಲೆಕ್ಕದ ಯಂತ್ರಗಳು. ನಾನು ಎಲ್ಲರಿಗಿಂತ ಚಿಕ್ಕವಳು, ಇಪ್ಪತ್ತಮೂರು ವರ್ಷ, ಹೆಸರು ಮಸ್ತೂರಾ. ಸೇರಿ ಎಂಟು ತಿಂಗಳಾಗಿತ್ತು.

ಪ್ರತಿ ಲೆಕ್ಕವನ್ನೂ ಇಬ್ಬರು ಮಾಡುತ್ತಿದ್ದರು, ಬೇರೆ ಬೇರೆ ಕೋಣೆಯಲ್ಲಿ ಕೂತು, ಒಬ್ಬರಿಗೊಬ್ಬರು ತೋರಿಸದೆ. ಮೊದಲು ಮಾಡಿದವರು ಮೊದಲ ಕೈ, ಮತ್ತೆ ಮಾಡಿದವರು ಎರಡನೇ ಕೈ. ಕೊನೆಗೆ ಎದುರುಬದುರು ಕೂತು ಹಾಳೆಗಳನ್ನು ಗಟ್ಟಿಯಾಗಿ ಓದಿ ತಾಳೆ ನೋಡುವುದು. ಎರಡು ಕೈ ಒಂದಾದರೆ ಲೆಕ್ಕ ದಾಟಿತು. ತಾಳೆ ನೋಡುವಾಗ ಮೇಜಿನ ಮೇಲೆ ಚಹಾ ಸಹ ಇರಕೂಡದು ಎಂಬುದೂ ದೊಮ್ಲಾರದೇ ನಿಯಮ.

ಕಾಲುವೆ ಲೆಕ್ಕ ಮುಗಿದ ಮೇಲೆ ದಿನಕ್ಕೊಂದು ಗಂಟೆ ದೊಮ್ಲಾ ತಮ್ಮ ಸ್ವಂತ ಸಂಖ್ಯೆಗಳ ಜೊತೆ ಕೂರುತ್ತಿದ್ದರು. ನಮ್ಮಲ್ಲಿದ್ದ ಅವಿಭಾಜ್ಯಗಳ ಪುಸ್ತಕ ಒಂದು ಕೋಟಿ ದಾಟಿದ ಸ್ವಲ್ಪದರಲ್ಲೇ ಮುಗಿಯುತ್ತಿತ್ತು. ಅದರಾಚೆಗಿನ ಸಂಖ್ಯೆಗಳನ್ನು ಒಂದೊಂದಾಗಿ ಎತ್ತಿಕೊಂಡು ಜಾತಕ ಬರೆಯುವುದು ಅವರ ಹುಚ್ಚು. ಒಂದೊಂದಕ್ಕೆ ಒಂದು ಕಾರ್ಡು. ಅಂಕಿಗಳ ಮೊತ್ತ ಎಷ್ಟು, ನಾಲ್ಕರಿಂದ ಭಾಗಿಸಿದರೆ ಶೇಷ ಎಷ್ಟು, ತನ್ನನ್ನು ಬಿಟ್ಟು ಉಳಿದ ಭಾಜಕಗಳನ್ನೆಲ್ಲ ಕೂಡಿದರೆ ತನಗಿಂತ ಕಡಿಮೆಯೋ ಹೆಚ್ಚೋ. ಕಡಿಮೆ ಬಂದರೆ ಬಡವ, ಹೆಚ್ಚು ಬಂದರೆ ಸಿರಿವಂತ. ಅವಿಭಾಜ್ಯಗಳಿಗೆ ಬಿಳಿ ಕಾರ್ಡು, ಎರಡು ಅವಿಭಾಜ್ಯಗಳ ಗುಣಲಬ್ಧಕ್ಕೆ ನೀಲಿ, ಮಿಕ್ಕವಕ್ಕೆ ಹಳದಿ.

"ಹಳದಿಯವರದು ಕೂಡುಕುಟುಂಬ, ಗಲಾಟೆ ಜಾಸ್ತಿ. ನೀಲಿಯವರು ಗಂಡ ಹೆಂಡತಿ," ಎನ್ನುತ್ತಿದ್ದರು. "ಬಿಳಿಯವರ ಮನೆಗೆ ಮಾತ್ರ ಒಂದು ಅನ್ನೋ ನೆಂಟ ಬಿಟ್ಟು ಬೇರೆ ಯಾರೂ ಬರಲ್ಲ. ಪಾಪ, ಬಡವರಲ್ಲೇ ಬಡವರು."

"ನಮ್ಮ ನಾದಿನಿ ಹಾಗಾದ್ರೆ ಬಿಳಿ ಕಾರ್ಡು ಬಿಡಿ," ಎಂದಿದ್ದಳು ನನ್ನ ಪಕ್ಕದ ಮೇಜಿನ ರೈಸಾ ಓಪಾ. ನನಗಿಂತ ಇಪ್ಪತ್ತು ವರ್ಷ ದೊಡ್ಡವಳು, ಅದಕ್ಕೇ ಓಪಾ, ಅಂದರೆ ಅಕ್ಕ. ಟಾಟರ್ ಹೆಂಗಸು. ಅವಳ ನಾಲಿಗೆಗೆ ಸಿಕ್ಕದವರಿಲ್ಲ.

ಆ ಶರತ್ಕಾಲದಲ್ಲಿ ಈ ಹುಚ್ಚಿಗೆ ಇದ್ದಕ್ಕಿದ್ದಂತೆ ಬೆಲೆ ಬಂತು. ಕೆಳಗಿನ ಅಂತಸ್ತಿಗೆ ವಿದ್ಯುತ್ತಿನಿಂದ ಲೆಕ್ಕ ಮಾಡುವ ದೊಡ್ಡ ಯಂತ್ರ ಬಂದಿಳಿಯಿತು. ಮಾಸ್ಕೋದಲ್ಲಿ ಓದಿ ಬಂದ ಎರ್ನಾಜರ್ ಎಂಬ ಎಂಜಿನಿಯರ್ ಅದರ ಉಸ್ತುವಾರಿ. ಯಂತ್ರವನ್ನು ಪರೀಕ್ಷಿಸಲು ಉತ್ತರ ಮೊದಲೇ ಗೊತ್ತಿರುವ ಲೆಕ್ಕ ಬೇಕೆಂದು ಅವನು ಕೇಳಿದ. ದೊಮ್ಲಾ ಸಭೆಯಲ್ಲಿ ಎದ್ದು ನಿಂತು, ಒಂದು ಕೋಟಿಯಾಚೆಗಿನ ನಲವತ್ತು ಅವಿಭಾಜ್ಯಗಳನ್ನು ಕೊಡುತ್ತೇನೆ, ಒಂದೊಂದೂ ಎರಡು ಕೈ ದಾಟಿದ್ದು, ಎಂದರು. ಸಂಸ್ಥೆಯ ನಿರ್ದೇಶಕ ಶೊರಹ್ಮೆದೊವ್ ಅಲ್ಲೇ ಮಾತು ಕೊಟ್ಟರು: ಪಟ್ಟಿಯೂ ಯಂತ್ರವೂ ಒಂದೇ ಮಾತು ಹೇಳಿದರೆ, ಯಂತ್ರದ ಲೆಕ್ಕವನ್ನು ತಪಾಸಣೆ ಮಾಡಲು ಕೈಲೆಕ್ಕದವರನ್ನು ಇನ್ನೆರಡು ವರ್ಷ ಉಳಿಸಿಕೊಳ್ಳುತ್ತೇನೆ, ದೊಮ್ಲಾರೇ ಮುಖ್ಯಸ್ಥರು. ಇಲ್ಲದಿದ್ದರೆ ನವೆಂಬರ್ 30ಕ್ಕೆ ಅವರಿಗೆ ಅರವತ್ತು ತುಂಬುತ್ತಿತ್ತು, ಮನೆಗೆ ಹೋಗಬೇಕಿತ್ತು.

ಮೂವತ್ತೊಂಬತ್ತು ಆಗಲೇ ಸಿದ್ಧವಿದ್ದವು. ಅವಕ್ಕೆಲ್ಲ ಎರಡನೇ ಕೈ ರೋಬಿಯಾ ಎಂಬವಳು. ಹೆರಿಗೆಗೆಂದು ರಜೆಯ ಮೇಲಿದ್ದಳು. ನಲವತ್ತನೆಯದಕ್ಕೆ ದೊಮ್ಲಾ ನನ್ನನ್ನು ಕರೆದರು. ಆ ಸಂಖ್ಯೆ 1,21,99,793.

ಅವರ ವಿಧಾನ ಹಳೆಯದು, ನಂಬಿಗಸ್ತ. ನಾಲ್ಕರಿಂದ ಭಾಗಿಸಿದರೆ ಒಂದು ಉಳಿಯುವ ಸಂಖ್ಯೆಯನ್ನು ಎರಡು ವರ್ಗಗಳ ಮೊತ್ತವಾಗಿ ಬಿಡಿಸಬೇಕು. ಒಂದೇ ಒಂದು ರೀತಿಯಲ್ಲಿ ಬಿಡಿಸಲು ಬಂದು, ಆ ಜೋಡಿಗೆ ಸಾಮಾನ್ಯ ಭಾಜಕ ಇಲ್ಲದಿದ್ದರೆ ಸಂಖ್ಯೆ ಅವಿಭಾಜ್ಯ. ಹದಿಮೂರು ಹಾಗೆ: ನಾಲ್ಕು ಕೂಡಿಸು ಒಂಬತ್ತು, ಬೇರೆ ದಾರಿಯಿಲ್ಲ. ಎರಡು ರೀತಿ ಸಿಕ್ಕರೆ ಅದು ಒಡೆಯುತ್ತದೆ. ಅರವತ್ತೈದು ಹಾಗೆ: ಒಂದು ಮತ್ತು ಅರವತ್ತನಾಲ್ಕು, ಹದಿನಾರು ಮತ್ತು ನಲವತ್ತೊಂಬತ್ತು. ನಮ್ಮ ಸಂಖ್ಯೆಗೆ ಜೋಡಿಯ ಸಮಸಂಖ್ಯೆ 2ರಲ್ಲೋ 8ರಲ್ಲೋ ಕೊನೆಯಾಗಬೇಕು, ನಾಲ್ಕರಿಂದ ಭಾಗವಾಗಬೇಕು, ಮೂರರಿಂದ ಆಗಬಾರದು. ಹೀಗೆ ಸೋಸಿದರೆ 3,492ರವರೆಗೆ 233 ಸಾಲು ಉಳಿಯುತ್ತವೆ. ಪ್ರತಿ ಸಾಲಿನಲ್ಲೂ ವರ್ಗವನ್ನು ಕಳೆದು, ಉಳಿದದ್ದು ಸ್ವತಃ ವರ್ಗವೇ ಎಂದು ನೋಡುವುದು.

ಶುಕ್ರವಾರ ಸಂಜೆಯ ಹೊತ್ತಿಗೆ ಅರವತ್ತನೇ ಸಾಲಿನಲ್ಲಿ ಮೊದಲ ಜೋಡಿ ಸಿಕ್ಕಿತ್ತು: 892 ಮತ್ತು 3377. ಶನಿವಾರ ಬೆಳಿಗ್ಗೆ ಅರವತ್ತೆಂಟನೇ ಸಾಲು, 1012. ಅದರ ವರ್ಗ 10,24,144. ಕಳೆದರೆ 1,11,75,649. ಅದು 3343ರ ವರ್ಗ. ಹಿಡಿಯನ್ನು ಹಿಂದಕ್ಕೆ ತಿರುಗಿಸಿ ಮೂರು ಸಲ ನೋಡಿದೆ. ಅಡಿಗೆರೆ ಎಳೆದು ತಾರೀಖು, ಗಂಟೆ ಬರೆದೆ. ಎರಡು ಜೋಡಿ ಕೈಯಲ್ಲಿದ್ದರೆ ಅಪವರ್ತನ ತೆಗೆಯುವುದು ಐದು ನಿಮಿಷದ ಕೆಲಸ. 3137 ಗುಣಿಸು 3889. ನೀಲಿ ಕಾರ್ಡು.

ಎಲ್ಲ ಸಾಲು ಮುಗಿಸದೆ ಎರಡನೇ ಕೈ ಬಾಯಿ ಬಿಡುವಂತಿರಲಿಲ್ಲ. ಮಿಕ್ಕ ನೂರಾ ಅರವತ್ತೈದು ಸಾಲು ಮುಗಿಸಿ ತಲೆಯೆತ್ತಿದಾಗ ಒಂದು ಗಂಟೆ. ದೊಮ್ಲಾ ಹನ್ನೆರಡಕ್ಕೇ ಮನೆಗೆ ಹೊರಟುಹೋಗಿದ್ದರು. ಅವತ್ತು ಅವರ ಮನೆಯಲ್ಲಿ ಓಶ್, ಅಂದರೆ ಮಾಂಸದ ಪಲಾವಿನ ಊಟವಿತ್ತು. ನಲವತ್ತನೆಯದು ಮುಗಿದ ಖುಷಿಗೆ ಕರೆದ ಊಟ. ಅವರ ಹಾಳೆಯಲ್ಲಿ ಜೋಡಿ ಒಂದೇ ಸಿಕ್ಕಿದೆಯೆಂಬುದು ಅದರಿಂದಲೇ ತಿಳಿಯುತ್ತಿತ್ತು. ತಾಳೆ ಸೋಮವಾರ. ಸೋಮವಾರ ಹೇಳಿದರಾಯಿತು ಅಂದುಕೊಂಡೆ.

ನಾಲ್ಕು ಗಂಟೆಗೆ ಹೋದಾಗ ದೊಡ್ಡ ಕೋಣೆಯಲ್ಲಿ ನಿರ್ದೇಶಕರು, ಎರ್ನಾಜರ್, ಬೀದಿಯ ಇಬ್ಬರು ಹಿರಿಯರು ಕೂತಿದ್ದರು. ನಾವು ಹೆಂಗಸರು ಒಳಗಿನ ಕೋಣೆಯಲ್ಲಿ ಗಜ್ಜರಿ ಹೆಚ್ಚಲು ಕೂತೆವು. ಅಕ್ಕಿ ಬೆಂದು ತಟ್ಟೆ ಹೊರಟ ಮೇಲೆ ದೊಮ್ಲಾರ ಹೆಂಡತಿ ನನ್ನ ಕೈಗೆ ಚಹಾದ ಕೆಟಲ್ ಕೊಟ್ಟರು. ನಾನು ಬಾಗಿಲಲ್ಲಿ ನಿಂತಾಗ ಹಿರಿಯರೊಬ್ಬರು ಕೇಳುತ್ತಿದ್ದರು.

"ಅಲ್ಲ ದೊಮ್ಲಾ, ಈ ಸಂಖ್ಯೆಯನ್ನ ಯಾರೂ ಭಾಗ ಮಾಡಕ್ಕಾಗಲ್ಲ ಅಂತ ಗೊತ್ತಾದ್ರೆ ಯಾರಿಗೇನು ಲಾಭ?"

"ನಿಮ್ಮ ಮಗಳ ಮದುವೆಯಾಯ್ತು ಅಂತ ಗೊತ್ತಾದಾಗ ನನಗೇನು ಲಾಭ ಆಯ್ತು? ಆದ್ರೂ ಬಂದು ಎರಡು ತಟ್ಟೆ ಓಶ್ ತಿಂದೆ."

ಎಲ್ಲರೂ ನಕ್ಕರು. ಶೊರಹ್ಮೆದೊವ್ ನನ್ನ ಕಡೆ ತಿರುಗಿದರು. "ಇವಳೇ ಅಲ್ವಾ ನಿಮ್ಮ ಎರಡನೇ ಕೈ? ಹಾಗಾದ್ರೆ ಇಲ್ಲೇ ಮುಗಿಸಿಬಿಡಿ. ಸೋಮವಾರ ಬೆಳಿಗ್ಗೆ ನಾನು ಮೇಲಿನವರಿಗೆ ಪತ್ರ ಕಳಿಸಬೇಕು."

"ಊಟದ ಹತ್ತಿರ ತಾಳೆ ನೋಡೋ ಪದ್ಧತಿ ಇಲ್ಲ," ಎಂದರು ದೊಮ್ಲಾ.

"ಒಂದು ಕೈಯಲ್ಲಿ ತಿನ್ನೋದು ಸಾಲಲ್ಲ ಅಂತ ಎರಡನೇ ಕೈ ಇಟ್ಕೊಂಡಿದಾರೆ, ನಾಚ್ಕೊತಿದಾರೆ," ಎಂದರು ಹಿರಿಯರು.

ಮತ್ತೆ ನಗು. ದೊಮ್ಲಾ ಕೂಡ ನಕ್ಕರು. ಅವರ ಮುಖದಲ್ಲಿ ಅವತ್ತು ನಾನು ಹಿಂದೆ ನೋಡಿರದ ಸಲಿಗೆಯಿತ್ತು. "ಆಯ್ತು, ಒಂದು ಸಲ," ಎಂದರು. "ನನಗೆ ಒಂದೇ ಜೋಡಿ. 892, 3377. ನಿನಗೆಷ್ಟು ಮಗಳೇ?"

ನಮ್ಮಲ್ಲಿ ಗುರುವಿನ ಮಾತನ್ನು ಅವರ ಮನೆಯಲ್ಲಿ, ಅವರ ಅತಿಥಿಗಳ ಮುಂದೆ, ಅವರ ಅನ್ನದ ತಟ್ಟೆಯ ಮೇಲೆ ಕತ್ತರಿಸುವುದಿಲ್ಲ. ಇದನ್ನು ಯಾರೂ ಹೇಳಿಕೊಡುವುದಿಲ್ಲ. ನಡೆಯಲು ಕಲಿತ ಹಾಗೆ ಕಲಿತಿರುತ್ತೇವೆ. ಆದರೂ ಅದು ಕಾರಣವೇ ಹೊರತು ಸಮರ್ಥನೆಯಲ್ಲ. "ಸೋಮವಾರ ಹೇಳ್ತೀನಿ" ಎನ್ನಬಹುದಿತ್ತು. "ಹಾಳೆ ಕಚೇರಿಯಲ್ಲಿದೆ" ಎನ್ನಬಹುದಿತ್ತು. ನನ್ನ ಬಾಯಿಂದ ಬಂದದ್ದು, "ನನಗೂ ಅದೇ, ದೊಮ್ಲಾ."

"ದಾಟಿತು," ಎಂದರು ಅವರು, ಮತ್ತು ನನ್ನ ಕೈಯಿಂದ ಕೆಟಲ್ ತಾವೇ ತೆಗೆದುಕೊಂಡು ಎಲ್ಲರಿಗೂ ಚಹಾ ಬಗ್ಗಿಸಿದರು.

ಸೋಮವಾರ ಎಂಟು ಗಂಟೆಗೇ ಅವರ ಮೇಜಿನ ಮುಂದೆ ನಿಂತೆ. ಹಾಳೆಯನ್ನು ಮಡಿಸಿರಲಿಲ್ಲ, ಅಡಿಗೆರೆ ಕಾಣುವ ಹಾಗೆ ಮೇಲಕ್ಕೆ ಹಿಡಿದಿದ್ದೆ. ದೊಮ್ಲಾ ಪಟ್ಟಿಯನ್ನು ಶುದ್ಧಪ್ರತಿ ಮಾಡುತ್ತಿದ್ದರು. ಎಡಗೈಯಲ್ಲಿ ಹಾಳೆ ತೆಗೆದುಕೊಂಡು, ನೋಡದೆ ಮಡಿಸಿ, ತಮ್ಮ ಹಾಳೆಯ ಜೊತೆ ಸೇರಿಸಿ ದಾರ ಕಟ್ಟಿದರು.

"ದೊಮ್ಲಾ, ಒಂದ್ಸಲ ನೋಡ್ತೀರಾ?"

"ಯಾಕೆ? ಹೇಳಿಯಾಯ್ತಲ್ಲ. ನಿನ್ನ ಮಾತು ಸಾಕು."

ಅಷ್ಟರಲ್ಲಿ ನಿರ್ದೇಶಕರ ಕಡೆಯಿಂದ ಕರೆ ಬಂತು. ಪಟ್ಟಿ ಹಿಡಿದುಕೊಂಡು ಹೊರಟರು. ಹಾಳೆಗಳು ಕಪಾಟು ಸೇರಿದವು.

ಬುಧವಾರ ರೈಸಾ ಓಪಾಗೆ ಹೇಳಿದೆ. ಅವಳು ಬಾಗಿಲು ಮುಚ್ಚಿ ಬಂದು ಕೂತಳು. "ಯಂತ್ರ ಇದೆಯಲ್ಲ, ಅದೇ ಹೇಳಲಿ ಬಿಡೆ. ಕಬ್ಬಿಣಕ್ಕೆ ನಾಚಿಕೆಯಿಲ್ಲ, ಮರ್ಯಾದೆಯಿಲ್ಲ. ನೀನ್ಯಾಕೆ ಮುದುಕನ ಬಾಯಿಂದ ತುತ್ತು ಕಿತ್ಕೊಂಡವಳು ಅನ್ನಿಸ್ಕೊತೀಯ?"

"ಪಟ್ಟಿ ಸುಳ್ಳಾಗುತ್ತಲ್ಲ ಓಪಾ."

"ನಲವತ್ತರಲ್ಲಿ ಒಂದು. ಯಾರ ಮನೆ ಮುಳುಗುತ್ತೆ?"

ಅವಳ ಮಾತು ನನಗೆ ಹಿತವಾಗಿತ್ತು. ಒಪ್ಪಿಕೊಂಡೆ. ಆಮೇಲಿನ ಎಂಟು ದಿನದಲ್ಲಿ ದೊಮ್ಲಾ ನನ್ನ ಮೇಜಿನ ಹತ್ತಿರ ಕನಿಷ್ಠ ಹತ್ತು ಸಲ ಬಂದಿದ್ದಾರೆ, ತಪಾಸಣೆ ವಿಭಾಗದಲ್ಲಿ ಯಾರು ಎಲ್ಲಿ ಕೂರುವುದೆಂದು ನಕ್ಷೆ ತೋರಿಸಿದ್ದಾರೆ. ಕಿಟಕಿ ಪಕ್ಕದ ಜಾಗ ನನ್ನದಾಗಿತ್ತು.

ನವೆಂಬರ್ 26, ಗುರುವಾರ, ಬೆಳಿಗ್ಗೆ ಹನ್ನೊಂದಕ್ಕೆ ಯಂತ್ರ ಶುರುವಾಯಿತು. ಒಂದೊಂದು ಸಂಖ್ಯೆಗೆ ಎರಡು ನಿಮಿಷ ಚಿಲ್ಲರೆ. ಭಾಜಕ ಸಿಗದಿದ್ದರೆ ಕಾಗದದ ಪಟ್ಟಿಯಲ್ಲಿ ಸೊನ್ನೆ ಬೀಳುತ್ತಿತ್ತು. ಮೂವತ್ತೊಂಬತ್ತು ಸೊನ್ನೆ ಬಿದ್ದವು. ಪ್ರತಿ ಸೊನ್ನೆಗೂ ದೊಮ್ಲಾ ಪಟ್ಟಿಯಲ್ಲಿ ಚಿಕ್ಕದೊಂದು ಗೀಟು ಹಾಕುತ್ತಿದ್ದರು. ಹನ್ನೆರಡು ಐವತ್ತಕ್ಕೆ ನಲವತ್ತನೆಯದರ ಮುಂದೆ 3137 ಎಂದು ಬಿತ್ತು.

ಎರ್ನಾಜರ್ ಮತ್ತೊಮ್ಮೆ ಓಡಿಸಿದ. ಮತ್ತೆ 3137.

"ಯಂತ್ರದೊಳಗಿನ ದೀಪ ಯಾವುದೋ ಹೋಗಿರಬೇಕು, ದೊಮ್ಲಾ," ಎಂದ ಅವನು, ಸೌಜನ್ಯಕ್ಕೆ.

"ಹೋಗಿದೆ," ಎಂದರು ದೊಮ್ಲಾ. ಅವರ ಧ್ವನಿ ಏರಿರಲಿಲ್ಲ. ನಿರ್ದೇಶಕರನ್ನು ಅಕಾ, ಅಂದರೆ ಅಣ್ಣ, ಎಂದು ಕರೆದು ವಿವರಿಸಿದರು: "ಶೊರಹ್ಮೆದೊವ್ ಅಕಾ, ನಾನು ಒಬ್ಬನೇ ಮಾಡಿದ್ದರೆ ಸುಮ್ಮನಿರ್ತಿದ್ದೆ. ನನಗೆ ವಯಸ್ಸಾಗಿದೆ, ಕಣ್ಣು ಮಂಜು. ಆದ್ರೆ ಎರಡನೇ ಕೈ ಬೇರೆ ಕೋಣೇಲಿ ಕೂತಿತ್ತು. ಇಬ್ಬರು ಒಂದೇ ಕಡೆ ತಪ್ಪೋದು ಆಗದ ಮಾತು. ಮಸ್ತೂರಾಳ ಹಾಳೆ ತರಿಸಿ."

ಅವರು ನನ್ನ ಮೇಲೆ ತಮ್ಮ ಹತ್ತೊಂಬತ್ತು ವರ್ಷವನ್ನು ಇಟ್ಟರು. ಆಗಲಾದರೂ ಹೇಳಬಹುದಿತ್ತು. ಹಾಳೆ ತರಲು ಮೇಲಿನ ಅಂತಸ್ತಿಗೆ ಹೋದವಳು ರೈಸಾ ಓಪಾ. ಅವಳು ಹೋಗಿ ಬರಲು ನಾಲ್ಕೈದು ನಿಮಿಷ ಹಿಡಿಯಿತು. ಅಷ್ಟೂ ಹೊತ್ತು ನಾನು ಗೋಡೆಗೆ ಆನಿಕೊಂಡು ನಿಂತಿದ್ದೆ.

ದೊಮ್ಲಾ ದಾರ ಬಿಚ್ಚಿದರು. ಅಡಿಗೆರೆ ದೊಡ್ಡದಾಗಿತ್ತು, ಹುಡುಕಬೇಕಾಗಿರಲಿಲ್ಲ. ಓದಿದರು. ತಾರೀಖು, ಗಂಟೆ ಓದಿದರು. ಆಮೇಲೆ ತಮ್ಮ ಹಾಳೆಯ ಅರವತ್ತೆಂಟನೇ ಸಾಲಿಗೆ ಬೆರಳಿಟ್ಟರು. ಅಲ್ಲಿ 1012ರ ವರ್ಗ 10,24,144 ಆಗುವ ಬದಲು 10,24,114 ಎಂದಿತ್ತು. ಕಳೆದಾಗ 79ರಲ್ಲಿ ಕೊನೆಯಾಗಿತ್ತು. 79ರಲ್ಲಿ ಕೊನೆಯಾಗುವ ವರ್ಗವಿಲ್ಲ, ಹಾಗಾಗಿ ಸಾಲನ್ನು ಹೊಡೆದುಹಾಕಿದ್ದರು. ಆದರೆ ಈ ಸಂಖ್ಯೆಯ 233 ಸಾಲುಗಳಲ್ಲಿ ಯಾವುದೂ 79ರಲ್ಲಿ ಕೊನೆಯಾಗುವ ಹಾಗಿಲ್ಲ. 09, 29, 49, 69, 89, ಇಷ್ಟೇ. ಹತ್ತು ವರ್ಷದ ಹಿಂದಾಗಿದ್ದರೆ ಆ 79 ಅವರ ಕಣ್ಣಿಗೆ ಕಲ್ಲಿನ ಹಾಗೆ ಚುಚ್ಚುತ್ತಿತ್ತು.

ಹಾಳೆಯ ಬೆನ್ನಿನ ಮೇಲೆ ಅವರು 3137ನ್ನು 3889ರಿಂದ ಕೈಯಲ್ಲೇ ಗುಣಿಸಿದರು. ಗುಣಿಸಿ ಮುಗಿಸಿ ಪೆನ್ಸಿಲ್ ಕೆಳಗಿಟ್ಟರು.

"ಯಂತ್ರ ಸರಿ. ಮೊದಲ ಕೈ ತಪ್ಪಿದೆ. ಎರಡನೇ ಕೈ ತಪ್ಪಿಲ್ಲ."

"ಅವತ್ತು ಊಟದಲ್ಲಿ ಈ ಹುಡುಗಿ 'ನನಗೂ ಅದೇ' ಅಂದಳಲ್ಲ," ಎಂದರು ನಿರ್ದೇಶಕರು.

"ಊಟದಲ್ಲಿ ಕೇಳಿದ್ದು ನನ್ನ ತಪ್ಪು. ಹಾಳೆ ಏನು ಹೇಳುತ್ತೋ ಅದೇ ಲೆಕ್ಕ."

"ಆದ್ರೆ ಎರಡು ಕೈ ಒಂದಾಗಿದೆ ಅಂತ ನೀವೇ ಬರೆದು ಕೊಟ್ಟಿದೀರಿ, ದೊಮ್ಲಾ. ನಾನು ಮೇಲಿನವರಿಗೆ ಕಳಿಸಿಯಾಯ್ತು. ಈಗ ಇಂಥ ತಪಾಸಣೆಗೆ ಎರಡು ವರ್ಷ ಹೇಗೆ ಕೇಳಲಿ?"

ದೊಮ್ಲಾ ತಲೆಯಾಡಿಸಿದರು. ಲೆಕ್ಕ ಸರಿಯಾಗಿರುವಾಗ ಅವರು ಯಾವಾಗಲೂ ಹಾಗೇ ತಲೆಯಾಡಿಸುತ್ತಿದ್ದರು.

ಮೆಟ್ಟಿಲ ಹತ್ತಿರ ಅವರನ್ನು ಹಿಡಿದೆ. ಕ್ಷಮಿಸಿ ಎಂದೆ. ಅವರು ಒಂದು ಮೆಟ್ಟಿಲು ಮೇಲೆ ನಿಂತಿದ್ದರು.

"ರೋಬಿಯಾ ನನ್ನ ತಪ್ಪು ಮೂರು ಸಲ ಹಿಡಿದಿದಾಳೆ, ಗೊತ್ತಾ ನಿನಗೆ?"

ಗೊತ್ತಿರಲಿಲ್ಲ.

"ಮೂರೂ ನೀಲಿ ಕಾರ್ಡಿಗೆ ಹೋದವು. ಬೇರೆ ಮೂರು ಹುಡುಕಿದ್ವಿ. ಇದನ್ನೂ ಹಾಗೇ ಮಾಡ್ತಿದ್ವಿ. ಟೈಮಿಲ್ಲ ಅಂದ್ರೆ ಮೂವತ್ತೊಂಬತ್ತೇ ಕೊಡ್ತಿದ್ದೆ. ನಲವತ್ತು ಅಂತ ಯಾರು ಕೇಳಿದ್ರು? ನಾನೇ ಬಾಯಿಗೆ ಬಂದದ್ದು ಹೇಳಿದ್ದೆ."

"ಅತಿಥಿಗಳಿದ್ದರು, ದೊಮ್ಲಾ. ನಿಮಗೆ ನೋವಾಗುತ್ತೆ ಅಂತ."

"ಶನಿವಾರ ಅತಿಥಿಗಳಿದ್ದರು. ಸೋಮವಾರ?" ಅವರು ಕಾದರು. ನಿಜವಾಗಿಯೂ ಉತ್ತರ ಬೇಕಿತ್ತು ಅವರಿಗೆ. "ನನ್ನ ಹತ್ತಿರ ಮಾತಾಡೋಕೆ ಹೆದರಿಕೆ ಆಗೋ ಹಾಗೆ ಯಾವತ್ತಾದ್ರೂ ನಡ್ಕೊಂಡಿದೀನಾ, ಮಗಳೇ?"

"ಇಲ್ಲ."

"ಮತ್ತೆ?"

ಅವರು ತಿದ್ದುಪಡಿಯನ್ನು ತಾಳಲಾರರೆಂದು ನಾನು ಅಂದುಕೊಂಡೆನಲ್ಲ, ಅದು ಮರ್ಯಾದೆಯಂತೂ ಅಲ್ಲ. ಅವರ ಬಗ್ಗೆ ಕೀಳಾಗಿ ಯೋಚಿಸಿದೆ, ಅದಕ್ಕೆ ಗೌರವದ ಹೆಸರಿಟ್ಟೆ.

"ಕಾರ್ಡು ಬದಲಾಯಿಸು," ಎಂದು ಅವರು ಮೆಟ್ಟಿಲು ಹತ್ತಿದರು.

ಬಿಳಿ ಕಾರ್ಡು ತೆಗೆದು ನೀಲಿಯದರಲ್ಲಿ ಬರೆದೆ. ಅಂಕಿಗಳ ಮೊತ್ತ 41. ನಾಲ್ಕರಿಂದ ಭಾಗಿಸಿದರೆ ಶೇಷ 1. ಭಾಜಕಗಳು 1, 3137, 3889, ಮೊತ್ತ 7027. ಬಡವ.

ನವೆಂಬರ್ 30ರ ಸೋಮವಾರ ದೊಮ್ಲಾ ನಿವೃತ್ತರಾದರು. ತಪಾಸಣೆ ವಿಭಾಗ ಆಗಲಿಲ್ಲ. ಹನ್ನೆರಡು ಜನರಲ್ಲಿ ಏಳು ಮಂದಿಗೆ ಯಂತ್ರದ ಕಾಗದಕ್ಕೆ ತೂತು ಕೊರೆಯುವ ಕೆಲಸ ಸಿಕ್ಕಿತು, ರೈಸಾ ಓಪಾಗೂ. ಜನವರಿಯಲ್ಲಿ ನಾನು ಪತ್ರಿಕೆಯೊಂದಕ್ಕೆ ಕರಡು ತಿದ್ದುವ ಕೆಲಸಕ್ಕೆ ಸೇರಿದೆ. ಮಾರ್ಚ್ ಕೊನೆಗೆ, ರಂಜಾನ್ ಉಪವಾಸ ಮುಗಿಯುವ ಹಯಿತ್ ಹಬ್ಬದ ದಿನ, ದೊಮ್ಲಾರ ಮನೆಗೆ ಹೋದೆ. ಬರಮಾಡಿಕೊಂಡರು, ರೊಟ್ಟಿ ಮುರಿದು ಮುಂದಿಟ್ಟರು, ನನ್ನ ಅಮ್ಮನ ಆರೋಗ್ಯ ಕೇಳಿದರು. ಒಂದು ಗಂಟೆ ಕೂತಿದ್ದೆ. ಸಂಖ್ಯೆಗಳ ಮಾತು ಬರಲಿಲ್ಲ.

ಪಟ್ಟಿ 1961ರಲ್ಲಿ ಸಂಸ್ಥೆಯ ವರದಿಯ ಕೊನೆಯ ಪುಟದಲ್ಲಿ ಅಚ್ಚಾಯಿತು. ಅದರಲ್ಲಿ ಮೂವತ್ತೊಂಬತ್ತು ಸಂಖ್ಯೆಗಳಿವೆ.